ನಲವತ್ತಾರು ಡಿಗ್ರಿ

ರಾತ್ರಿ ಒಂದೂಮುಕ್ಕಾಲಿಗೆ ದಿಂಬಿನ ಪಕ್ಕದ ಫೋನು ಟಿಣ್ ಎಂದಿತು. ಅಮೆರಿಕದ ಎಲ್ಕ್ ಗ್ರೋವ್‌ನಲ್ಲಿ ತಲೆಯ ಮೇಲೆ ಹಾರುವ ವಿಮಾನಗಳಿಗೆ ಏಳದ ನಾನು ಅದಕ್ಕೆ ಎದ್ದು ಕೂತೆ.

ಪೆಸಿಫಿಕ್‌ನ ನಾಲ್ಕು ಪುಟ್ಟ ದ್ವೀಪ ದೇಶಗಳು ಮಕ್ಕಳ ಲಸಿಕೆಗೆ ಒಂದೇ ಉಗ್ರಾಣ ಮಾಡಿಕೊಂಡಿವೆ. ಒಂದೊಂದೂ ಬೇರೆಯಾಗಿ ನಡೆಸುವಷ್ಟು ಜನವೂ ಇಲ್ಲ, ವಿದ್ಯುತ್ತೂ ಇಲ್ಲ. ಅಲ್ಲಿನ ಫ್ರಿಜ್‌ಗಳ ಮೇಲೆ ಇಲ್ಲಿಂದಲೇ ಕಣ್ಣಿಡುವುದು ಟ್ರಾಯ್ ಊರಿನಲ್ಲಿರುವ ನಮ್ಮ ಸಂಸ್ಥೆಯ ಕೆಲಸ. ನಾನು ಮನೆಯಿಂದ ಮಾಡುತ್ತೇನೆ. ಮೆಸೇಜ್ ಉಗ್ರಾಣದ ನರ್ಸ್ ಸೇರಾಳದು. ಅಲ್ಲಿ ಆಗ ಸಂಜೆ. ಎರಡು ದಿನದ ರಜೆ ಮುಗಿದು, ದೋಣಿಗೆ ಲಸಿಕೆ ತುಂಬಲು ಬಾಗಿಲು ತೆಗೆದರೆ ಫ್ರಿಜ್ ಕೆಟ್ಟು ನಿಂತಿತ್ತಂತೆ. ಒಳಗೆ ಇಪ್ಪತ್ತೊಂಬತ್ತು ಡಿಗ್ರಿ. ನಿಮ್ಮ ಅಲಾರಂ ಯಾಕೆ ಬರಲಿಲ್ಲ ಎಂದು ಕೇಳಿದ್ದಳು.

ಎಂಟು ಸೆಲ್ಸಿಯಸ್ ದಾಟಿದರೆ ಅವಳ ಫೋನಿಗೆ ಅಲಾರಂ ಹೋಗಬೇಕು. ಕಂಪ್ಯೂಟರ್ ತೆರೆದು ನೋಡಿದರೆ ಎಂಟರ ಜಾಗದಲ್ಲಿ ನಲವತ್ತಾರು ಇತ್ತು. ಅದೇ ಎಂಟಕ್ಕೆ ಇಲ್ಲಿ ಬಳಸುವ ಫ್ಯಾರನ್‌ಹೀಟ್ ಅಂಕಿ. ತುಂಬಿದವರು ಶಶಿಧರ, ಅದರ ಕೆಳಗೆ, ಪರಿಶೀಲಿಸಿದವರು ಛಾಯಾ. ಛಾಯಾ ನಾನೇ. ಮನೆಯ ಫ್ರಿಜ್ಜಿಗೂ ನಲವತ್ತರ ಆಸುಪಾಸನ್ನೇ ನೋಡಿ ರೂಢಿಯಾದ ಕಣ್ಣಿಗೆ ಅದು ತಪ್ಪಾಗಿ ಕಂಡೇ ಇರಲಿಲ್ಲ. ಆ ಪುಟದ ಫೋಟೋ ತೆಗೆದುಕೊಂಡೆ. ಯಾಕೆಂದು ಆಗ ಗೊತ್ತಿರಲಿಲ್ಲ.

ಬೆಳಿಗ್ಗೆ ಶಶಿಧರ ಫೋನ್ ಮಾಡಿದರು. ದೇವಸ್ಥಾನದಲ್ಲಿ ಪರಿಚಯವಾಗಿ ನನಗೆ ಈ ಕೆಲಸ ಕೊಡಿಸಿದವರು, ಈಗ ನನ್ನ ಮೇಲಧಿಕಾರಿ. ಅಷ್ಟರಲ್ಲಿ ಅವರು ಹಳೆಯ ದಾಖಲೆ ಅಳಿಸಿ ಎಂಟು ಎಂದು ಹೊಸದು ಬರೆದಾಗಿತ್ತು. ಸಂಜೆ ನಾಲ್ಕೂ ದೇಶಗಳ ಆರೋಗ್ಯಾಧಿಕಾರಿಗಳ ಜೊತೆ ವೀಡಿಯೊ ಸಭೆ. ನರ್ಸ್ ರಜೆಯಲ್ಲಿ ಫ್ರಿಜ್ ಕಡೆ ತಲೆ ಹಾಕಲಿಲ್ಲ ಎಂದು ನಾನು ವರದಿ ಬರೆಯಬೇಕಂತೆ. ಅವಳ ಕೆಲಸ ಹೋಗುತ್ತದೆ ಎಂದೆ.

“ಹೋಗ್ಲಿ ಬಿಡು. ಬೀಚಲ್ಲಿ ಬಿದ್ಕೊಂಡಿರೋರಿಗೆ ಕೆಲ್ಸ ಬೇರೆ ಕೇಡು.”

“ಅಲಾರಂ ಬಂದಿರ್ಲಿಲ್ಲ ಸರ್.”

“ಹಾಗೇ ಹೇಳು. ಚೆಕ್ ಮಾಡಿದ್ದು ಯಾರು ಅಂತ ಕೇಳ್ತಾರೆ, ಅದನ್ನೂ ಹೇಳು. ಮಹಾ, ಎರಡೆರಡು ಸಲ ನೋಡೋಳಲ್ವಾ ನೀನು.”

ಬರೆದೆ. ಪದಗಳನ್ನು ತೂಗಿ, ‘ಹಾಜರಿರಲಿಲ್ಲ’ ಎಂದಷ್ಟೇ ಬರೆದೆ. ಹತ್ತು ನಿಮಿಷದಲ್ಲಿ ಅವರು ಅದನ್ನು ‘ಘೋರ ನಿರ್ಲಕ್ಷ್ಯ’ ಮಾಡಿ, ಅಡಿಯಲ್ಲಿ ನನ್ನೊಬ್ಬಳ ಹೆಸರು ಹಾಕಿ, ಎಲ್ಲರಿಗೂ ಕಳಿಸಿದರು.

ಆಗ, ಆ ಮಾತು ನನ್ನದಲ್ಲ ಎಂದು ಬರೆದು, ಫೋಟೋ ಸೇರಾಳಿಗೆ ಕಳಿಸಿದೆ. ಕಳಿಸುವ ಮುಂಚೆ ಕೆಳಗಿನ ಒಂದು ಸಾಲು ಕತ್ತರಿಸಿದೆ. ಬೆರಳಿನಿಂದ ಅಂಚನ್ನು ಸ್ವಲ್ಪ ಮೇಲಕ್ಕೆ ಎಳೆದರೆ ಸಾಕಾಗಿತ್ತು.

ಸಭೆಯಲ್ಲಿ ಸೇರಾ ತನ್ನ ಫೋನನ್ನು ಕ್ಯಾಮೆರಾಕ್ಕೆ ಹಿಡಿದಳು. ಶಶಿಧರ ಸಾಫ್ಟ್‌ವೇರ್ ದೋಷ ಎಂದರು. ಹಾಗಿದ್ದರೆ ಹಳೆಯ ದಾಖಲೆ ತೋರಿಸಿ ಎಂದರು ಅಧಿಕಾರಿಯೊಬ್ಬರು. ತೋರಿಸಲು ಅದು ಉಳಿದಿರಲಿಲ್ಲ. ಸೇರಾಳ ಕೆಲಸ ಉಳಿಯಿತು, ಶಶಿಧರರನ್ನು ಯೋಜನೆಯಿಂದ ತೆಗೆದರು.

ಸಭೆ ಮುಗಿದ ಮೇಲೆ ಅವರ ಫೋನ್ ಬಂತು.

“ಅದ್ರಲ್ಲಿ ನಿನ್ನ ಹೆಸ್ರೂ ಇತ್ತು.”

“ಇದ್ರೆ ತೋರ್ಸಿ ಸರ್,” ಎಂದೆ. ನನ್ನ ದನಿ ನನಗೇ ಅಸಹ್ಯವಾಗುವಷ್ಟು ಶಾಂತವಾಗಿತ್ತು.

ಯಾರ ಫೋನು ಎಂದು ಗಂಡ ಸಾಕೇತ್ ಕೇಳಿದ. ಆಫೀಸಿನದು ಎಂದೆ. ಆಮೇಲೆ ಸೇರಾಳ ಮೆಸೇಜ್ ಬಂತು: ಅಲ್ಲಿ ಅಷ್ಟು ಜನರಲ್ಲಿ ನಿಜ ಹೇಳಿದವಳು ನೀನೊಬ್ಬಳೇ. ಉತ್ತರ ಟೈಪ್ ಮಾಡತೊಡಗಿದೆ, ಆ ಕತ್ತರಿಸಿದ ಸಾಲಿನವರೆಗೂ ಬಂದೆ, ಎಲ್ಲವನ್ನೂ ಅಳಿಸಿದೆ. ಅವಳಿಗೂ ಬೇಡ, ಸಾಕೇತ್‌ಗೂ ಬೇಡ, ಯಾರಿಗೂ ಹೇಳುವುದಿಲ್ಲ ಎಂದು ತೀರ್ಮಾನಿಸಿ ಥ್ಯಾಂಕ್ಸ್ ಎಂದಷ್ಟೇ ಕಳಿಸಿದೆ.