ಗುಂಡಿ ಪೋಣಿಸಿದ ಮತ

ಹಳದಿ ಜಾಡಿಯ ಮೇಲೆ ಬಿಸಿಲು ಬಿತ್ತು, ಕಾಲು ಗಂಟೆಯ ಹಿಂದೆ ಅಲ್ಲಿ ಎದುರಿನ ಔಷಧದಂಗಡಿಯ ನೆರಳಿತ್ತು, ಅಂದರೆ ಹನ್ನೊಂದಾಗುತ್ತ ಬಂತು, ಗಡಿಯಾರ ನೋಡುವ ಧೈರ್ಯ ಅವಳಿಗಿಲ್ಲ, ಬಿಸಿಲನ್ನಾದರೆ ನೋಡಬಹುದು, ಬಿಸಿಲು ಯಾರನ್ನೂ ಅವಸರ ಮಾಡುವುದಿಲ್ಲ — ಮೇಜಿನ ಮೇಲೆ ನಾಲ್ಕು ಗಾಜಿನ ಜಾಡಿ, ಕೆಂಪು, ಹಸಿರು, ಹಳದಿ, ನೀಲಿ, ನಾಲ್ಕೂ ಖಾಲಿ, ಹಿಂದೆ ಅವಳ ಹೊಲಿಗೆ ಅಂಗಡಿಯ ಬಾಗಿಲು ಅರ್ಧ ತೆರೆದಿದೆ, ಮೇಲೆ ಬ್ಯಾನರು, ಮೂರು ಕೋಟಿನ ಅಸ್ತರು ಸೇರಿಸಿ ಹೊಲಿದದ್ದು, ನಡುವಿನ ತುಂಡು ಉಳಿದೆರಡಕ್ಕಿಂತ ಸ್ವಲ್ಪ ಕಪ್ಪು, ಇರಲಿ ಬಿಡು, ದೂರದಿಂದ ನೋಡಿದರೆ ಗೊತ್ತಾಗುವುದಿಲ್ಲ, ಹತ್ತಿರ ಬಂದವರು ಬಣ್ಣ ನೋಡಲಿಕ್ಕೆ ಬಂದಿರುವುದಿಲ್ಲ. ಬೇಕಾದವರಿಗೆಲ್ಲ ಅಂಕ ಹಾಕಿ ಎಂದು ಬರೆದಿದೆ, ಒಂದು, ಎರಡು, ಮೂರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲೀತಿದ್ದೀಯಲ್ಲೇ ಎಂದು ಅಮ್ಮ ಮೊನ್ನೆ ಅಂದಿದ್ದಳು, ಹೊಲಿಗೆಯವಳು ಇನ್ನೇನು ಮಾಡ್ತಾಳಮ್ಮ, ಕುಲಾವಿ ರೆಡಿಯಾದ್ರೆ ಕೂಸಿಗೂ ಹುಟ್ಟೋಕೆ ಮನಸ್ಸಾಗುತ್ತೆ ಎಂದಿದ್ದಳು ಇವಳು. ಈಗ ಅದೇ ಅಮ್ಮ ಮಡಿಲಲ್ಲಿ ಗುಂಡಿಯ ಡಬ್ಬಿ ಇಟ್ಟುಕೊಂಡು ಮೇಜಿನ ಪಕ್ಕ ಕೂತಿದ್ದಾಳೆ, ಬಂದವರಿಗೆಲ್ಲ ತಗೋ ಮಗಾ, ಮೂರು ತಗೋ, ನಾಲ್ಕು ತಗೋಬೇಡ ಎಂದು ಹಂಚುತ್ತಿದ್ದಾಳೆ, ಮೂವತ್ತು ವರ್ಷದಿಂದ ಉಳಿದ, ಕಳಚಿದ, ಜೋಡಿ ತಪ್ಪಿದ ಗುಂಡಿಗಳು, ಒಂದಲ್ಲ ಒಂದು ದಿನ ಬೇಕಾಗುತ್ತೆ ಎಂದು ಎತ್ತಿಟ್ಟದ್ದಕ್ಕೆ ಮನೆಯವರೆಲ್ಲ ನಕ್ಕಿದ್ದರು. ಈಗ ಬೇಕಾಯಿತು.

ಮೂರೂವರೆ ಜನ ತಾವು, ಅಷ್ಟೇ, ಚಳವಳಿ ಅಂದರೆ ಇಷ್ಟೇ — ಚಿಕ್ಕಪ್ಪ, ನಿವೃತ್ತ ಲೆಕ್ಕದ ಮೇಷ್ಟ್ರು, ಈ ಹುಚ್ಚು ಮೊದಲು ಹತ್ತಿದ್ದು ಅವರಿಗೇ, ಆಸ್ಪತ್ರೆಯ ನರ್ಸು, ಪಾಳಿ ಮುಗಿಸಿ ಸೀದಾ ಇಲ್ಲಿಗೆ ಬಂದು ಆಕಳಿಸುತ್ತಲೇ ಜನರನ್ನು ಕರೆಯುತ್ತಿದ್ದಾಳೆ, ತಾನು, ಇನ್ನರ್ಧ ಅಮ್ಮ, ಅರ್ಧ ಯಾಕೆ ಅಂದರೆ ಅಮ್ಮನಿಗೆ ಇದರಲ್ಲಿ ಅರ್ಧವೇ ನಂಬಿಕೆ. ಕರಪತ್ರ ಅಚ್ಚು ಹಾಕಿಸುವುದಕ್ಕೆ ಕೈಯಲ್ಲಿ ಏನಿತ್ತು, ಬಟ್ಟೆ ಕತ್ತರಿಸುವ ಮುಂಚೆ ಅಳತೆ ಬರೆಯುವ ಕಾಗದ ಇತ್ತು, ಅದನ್ನೇ ತುಂಡು ಮಾಡಿ ಕೈಯಲ್ಲೇ ಬರೆದು ಹಂಚಿದ್ದು, ಬೇಕರಿಯವನು ಅದೇ ಕಾಗದವನ್ನು ತಿರುಗಿಸಿ ನೋಡಿ, ಅಕ್ಕಾ, ಈ ಕಡೆ ಯಾರದೋ ಸೊಂಟದ ಅಳತೆ ಇದೆಯಲ್ಲ, ಇವರೇನಾ ನಿಮ್ಮ ಅಭ್ಯರ್ಥಿ ಎಂದು ಕೇಳಿದ್ದ, ಬೀದಿಗೆ ಬೀದಿಯೇ ನಕ್ಕಿತ್ತು, ಅವಳೂ ನಕ್ಕಿದ್ದಳು, ನಕ್ಕವನು ಓದಿಯೂ ಇದ್ದ, ಅದು ಮುಖ್ಯ. ಓದಿದವನೇ ಕೇಳಿದ, ಇದರಿಂದ ನಮಗೇನಕ್ಕಾ ಆಗ್ಬೇಕು — ಏನಾಗಬೇಕು ಅಂದರೆ, ಅಮ್ಮನನ್ನು ನೋಡು ಎಂದು ಹೇಳಬೇಕು ಅನ್ನಿಸಿತ್ತು, ಅಮ್ಮ ಮತ ಹಾಕುವ ವಯಸ್ಸು ಬಂದಾಗಿನಿಂದ ಒಂದು ಚುನಾವಣೆಯನ್ನೂ ಬಿಟ್ಟವಳಲ್ಲ, ಒಂದು ಸಲವೂ ಮನಸ್ಸಿಗೆ ಬಂದವರಿಗೆ ಹಾಕಿದವಳೂ ಅಲ್ಲ, ನಂಗೆ ಬೇಕಾದವಳು ಗೆಲ್ಲಲ್ಲ ಕಣೇ, ಅವಳಿಗೆ ಹಾಕಿದ್ರೆ ಆ ಕೆಟ್ಟವನು ಗೆದ್ದುಬಿಡ್ತಾನೆ, ಅದಕ್ಕೆ ಇವನಿಗೆ ಹಾಕ್ದೆ, ಇವನೇನೂ ಒಳ್ಳೆಯವನಲ್ಲ ಎಂದು ಪ್ರತಿ ಸಲ ಮತಗಟ್ಟೆಯಿಂದ ಬಂದು ಚಪ್ಪಲಿ ಬಿಡುತ್ತ ಹೇಳುತ್ತಿದ್ದಳು, ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ, ಅಮ್ಮನಿಗೆ ಗಾದೆ ಗೊತ್ತಿತ್ತು, ದಾರಿ ಗೊತ್ತಿರಲಿಲ್ಲ. ದಾರಿ ಇದೆ ಎಂದು ಚಿಕ್ಕಪ್ಪ ಹಲಗೆಯ ಮೇಲೆ ಬರೆದು ತೋರಿಸಿದ ದಿನ ಅವಳಿಗೆ ಸಿಟ್ಟು ಬಂದಿತ್ತು, ಇಷ್ಟು ಸುಲಭಕ್ಕೆ ಇಷ್ಟು ವರ್ಷವೇ ಎಂದು. ಮನಸ್ಸಿನಲ್ಲಿದ್ದವರಿಗೆ ಒಂದನೆಯ ಅಂಕ, ಅವರು ಸೋತರೆ ಆ ಮತವೇ ಎರಡನೆಯವರಿಗೆ ಹೋಗುತ್ತದೆ, ಮತ ಹಾಳಾಗುವುದಿಲ್ಲ, ಹೆದರಿ ಹಾಕಬೇಕಾಗಿಲ್ಲ, ಅಷ್ಟೇ, ಅಷ್ಟೇ ಅಂದರೆ ಎಷ್ಟು ದೊಡ್ಡದು.

ನರ್ಸು ಮೊಣಕೈಯಿಂದ ತಿವಿದಳು, ಬಂದ್ರು ನೋಡಿ, ಗಡಿಯಾರದವರು — ಬೀದಿಯ ತುದಿಯಲ್ಲಿ ನಗರಸಭೆಯ ಸದಸ್ಯರು, ನಡೆಯುತ್ತಲೇ ಮಣಿಕಟ್ಟು ನೋಡಿಕೊಳ್ಳುವವರು, ಅದಕ್ಕೇ ಆ ಹೆಸರು. ನಗರಸಭೆಯ ಚುನಾವಣೆಗೆ ಈ ಪದ್ಧತಿ ತರುವ ವಿಷಯ ಸಭೆಯ ಮುಂದೆ ಬರಬೇಕಾದರೆ ಮೂವರು ಸದಸ್ಯರ ರುಜು ಬೇಕು, ಎರಡು ಸಿಕ್ಕಿವೆ, ಮೂರನೆಯದಕ್ಕೆ ಉಳಿದ ಬಾಗಿಲನ್ನೆಲ್ಲ ತಟ್ಟಿಯಾಗಿದೆ, ಇವರೊಬ್ಬರೇ ಮುಖದ ಮೇಲೆ ಬಾಗಿಲು ಹಾಕದವರು, ಇವತ್ತು ಒಂದು ಗಂಟೆಗೆ ಕಚೇರಿ ಮುಚ್ಚಿದರೆ ಈ ಚುನಾವಣೆ ತಪ್ಪಿ ಮತ್ತೆ ಐದು ವರ್ಷ. ನೋಡಮ್ಮಾ, ಇದು ಓದಿದವರಿಗೆ ಸರಿ, ಸಾಮಾನ್ಯ ಜನರ ತಲೆಗೆ ಹೋಗಲ್ಲ ಎಂದಿದ್ದರು, ನಾನೇ ಬಂದು ನೋಡ್ತೀನಿ, ಜನ ಗೊಂದಲ ಇಲ್ಲದೆ ಮಾಡಿದ್ರೆ ರುಜು ಹಾಕ್ತೀನಿ, ಗೊಂದಲ ಆದ್ರೆ ನನ್ನನ್ನ ಮತ್ತೆ ಕೇಳಬಾರದು. ಅದಕ್ಕೇ ಈ ಆಟ, ಬಸ್ ನಿಲ್ದಾಣದ ಬೆಂಚಿಗೆ ಯಾವ ಬಣ್ಣ, ಬಣ್ಣದಂಗಡಿಯವನು ಒಂದು ಡಬ್ಬಿ ಕೊಡುತ್ತೇನೆ ಎಂದಿದ್ದಾನೆ, ಯಾವುದು ಗೆದ್ದರೆ ಅದು, ಒಬ್ಬೊಬ್ಬರೂ ಇಷ್ಟದ ಕ್ರಮದಲ್ಲಿ ಮೂರು ಗುಂಡಿ ದಾರಕ್ಕೆ ಪೋಣಿಸಿ ದಿಂಬಿನ ಚೀಲಕ್ಕೆ ಹಾಕಬೇಕು, ಆಮೇಲೆ ಎಲ್ಲರ ಮುಂದೆ ಎಣಿಕೆ. ಅರವತ್ತಮೂರು ದಾರ ಬಿದ್ದಿವೆ, ಅರವತ್ತಮೂರು! ಅವಳು ಇಪ್ಪತ್ತಕ್ಕೆ ಹರಕೆ ಹೊತ್ತವಳ ಹಾಗೆ ಕಾದಿದ್ದಳು. ತರಕಾರಿಯಮ್ಮ ಹಾಕಿದಳು, ಬಸ್ ಕಂಡಕ್ಟರ್ ಬಸ್ಸನ್ನೇ ಎರಡು ನಿಮಿಷ ನಿಲ್ಲಿಸಿ ಬಂದು ಹಾಕಿದ, ಈಗ ಪಾಳಿ ಮುಗಿಸಿ ಫಲಿತಾಂಶಕ್ಕೆ ಮತ್ತೆ ಬಂದು ನಿಂತಿದ್ದಾನೆ.

ಚಿಕ್ಕಪ್ಪ ಎಣಿಸುತ್ತಿದ್ದಾರೆ, ಒಂದೊಂದು ದಾರ ಎತ್ತಿ, ಮೇಲಿನ ಗುಂಡಿ ಯಾವುದು ಎಂದು ಎಲ್ಲರಿಗೂ ತೋರಿಸಿ, ತರಗತಿಯ ದನಿಯಲ್ಲಿ ಕೂಗಿ, ಆ ಬಣ್ಣದ ಜಾಡಿಗೆ ಹಾಕುತ್ತಿದ್ದಾರೆ, ನೀಲಿ, ಕೆಂಪು, ನೀಲಿ, ನೀಲಿ, ಹಸಿರು, ನೀಲಿ — ಗಡಿಯಾರದವರು ಕೈಕಟ್ಟಿ ನಿಂತಿದ್ದಾರೆ, ಮಣಿಕಟ್ಟು ಕಾಣಿಸುತ್ತಿಲ್ಲ, ಒಳ್ಳೆಯ ಲಕ್ಷಣ — ನೀಲಿ, ಹಳದಿ, ನೀಲಿ, ಈ ಜನಕ್ಕೆ ನೀಲಿಯ ಮೇಲೆ ಇಷ್ಟು ಪ್ರೀತಿ ಯಾವಾಗ ಹುಟ್ಟಿತು, ಮೂವತ್ತಮೂರು ನೀಲಿ, ಅರ್ಧಕ್ಕಿಂತ ಹೆಚ್ಚು, ಮೊದಲ ಸುತ್ತಿನಲ್ಲೇ ಗೆಲುವು ಎಂದು ಚಿಕ್ಕಪ್ಪ ಕೂಗಿದರು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಗೆದ್ದವರು ಮೂವತ್ತಮೂರು ಜನ ಇಲ್ಲೇ ಎಲ್ಲೋ ನಿಂತಿರಬೇಕಲ್ಲ, ಒಬ್ಬರ ಮುಖದಲ್ಲೂ ಗೆಲುವಿಲ್ಲ, ಅಯ್ಯೋ ನೀಲೀನಾ ಎಂದು ತರಕಾರಿಯಮ್ಮ ಸೊಪ್ಪಿಗೆ ನೀರು ಚಿಮುಕಿಸುತ್ತ ತನಗೆ ತಾನೇ ಅಂದಳು, ನಾನು ಬೇರೆ ಗತಿ ಇಲ್ಲ ಅಂತ ಕೊನೇಲಿ ಹಾಕಿದ್ದೆ. ಅದೇ ಹೊತ್ತಿಗೆ ಗಡಿಯಾರದವರು, ಪರವಾಗಿಲ್ವೇ, ಅಚ್ಚುಕಟ್ಟಾಗಿ ನಡೀತು, ಗೊಂದಲ ಏನೂ ಇಲ್ಲ, ಎಲ್ಲಿ ಕಾಗದ ಕೊಡಿ ಎನ್ನುತ್ತಿದ್ದಾರೆ, ಜೇಬಿನಿಂದ ಪೆನ್ನು ಬರುತ್ತಿದೆ, ಕ್ಯಾಪು ತೆಗೆದಾಯಿತು, ಚಿಕ್ಕಪ್ಪ ಕಾಗದ ಬಿಡಿಸುತ್ತಿದ್ದಾರೆ — ಮತ್ತು ಅವಳ ಕಣ್ಣು ನೀಲಿ ಜಾಡಿಯೊಳಗಿನ ಒಂದು ದಾರದ ಮೇಲೆ, ಕೆಳಗೆ ಗಂಟು, ಗಂಟಿಗೆ ಒತ್ತಿ ಕೆಂಪು, ಅದರ ಮೇಲೆ ಹಳದಿ, ಮೇಲೆ ನೀಲಿ. ಮೊದಲು ಪೋಣಿಸಿದ್ದು ಎಲ್ಲಿಗೆ ಹೋಗುತ್ತದೆ? ಜಾರಿ ಗಂಟಿನ ಹತ್ತಿರ ಹೋಗುತ್ತದೆ. ಕೆಳಕ್ಕೆ. ಅವಳ ಅಂಗಡಿಯಲ್ಲಿ ಅಂಗಿಯ ಗುಂಡಿ ಪೋಣಿಸಿಡುವಾಗ ಕಾಲರಿನ ಗುಂಡಿಯನ್ನು ಕೊನೆಗೆ ಹಾಕುತ್ತಾರೆ, ಹೊಲಿಯುವಾಗ ಅದು ಮೊದಲು ಕೈಗೆ ಸಿಗಲಿ ಎಂದು, ಮೇಲಿನದೇ ಮೊದಲಿನದು, ಮೂವತ್ತು ವರ್ಷದ ಅಭ್ಯಾಸ, ಅಮ್ಮನಿಗೂ ಗೊತ್ತು, ಚಿಕ್ಕಪ್ಪನಿಗೂ ಗೊತ್ತು, ಮನೆಯಲ್ಲಿ ಮೂವರೇ ಕೂತು ಅಭ್ಯಾಸ ಮಾಡಿದ್ದು, ಎಲ್ಲ ಸರಿಯಾಗಿತ್ತು, ಯಾಕೆಂದರೆ ಮೂವರಿಗೂ ಒಂದೇ ಅಂಗಡಿಯ ರೂಢಿ. ನರ್ಸು ಆವತ್ತು ಕೆಲಸಕ್ಕೆ ಹೋಗಿದ್ದಳು. ನರ್ಸು ಜನಕ್ಕೆ ಏನು ಹೇಳಿದಳು, ಇಷ್ಟವಾದದ್ದನ್ನ ಮೊದಲು ಪೋಣಿಸಿ, ಎಂದು ಹೇಳಿದಳು, ಯಾರಾದರೂ ಹಾಗೇ ಹೇಳುತ್ತಾರೆ. ಅರವತ್ತಮೂರು ಜನರ ಮತವನ್ನು ತಲೆಕೆಳಗು ಎಣಿಸಿದ್ದೇವೆ, ಜನಕ್ಕೆ ಯಾವುದು ಎಲ್ಲಕ್ಕಿಂತ ಕಡಿಮೆ ಬೇಕೋ ಅದನ್ನು ಗೆಲ್ಲಿಸಿದ್ದೇವೆ!

ಪೆನ್ನಿನ ಮೊನೆ ಕಾಗದದಿಂದ ಒಂದು ಗೇಣು ದೂರ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ, ಬೆಂಚು ನೀಲಿಯಾಗುತ್ತದೆ, ಯಾರ ಮನೆ ಮುಳುಗುತ್ತದೆ, ರುಜು ಬೀಳುತ್ತದೆ, ಐದು ವರ್ಷ ಉಳಿಯುತ್ತದೆ, ಚಿಕ್ಕಪ್ಪನಿಗೆ ಇನ್ನೊಂದು ಐದು ವರ್ಷ ಕಾಯುವ ಮೊಣಕಾಲಿಲ್ಲ — ಸುಮ್ಮನಿರು, ಸುಮ್ಮನಿರು, ದೊಡ್ಡ ಕೆಲಸಕ್ಕೆ ಸಣ್ಣ ತಪ್ಪು, ಇನ್ನೊಂದು ಅರ್ಧ ನಿಮಿಷ ಬಾಯಿಗೆ ಹೊಲಿಗೆ ಹಾಕಿಕೋ — ಅಮ್ಮ ಪಕ್ಕದಲ್ಲಿ ನಿಟ್ಟುಸಿರು ಬಿಟ್ಟಳು, ನಾನು ಇಷ್ಟಪಟ್ಟಿದ್ದು ಇಲ್ಲೂ ಗೆಲ್ಲಲಿಲ್ಲ ನೋಡು ಎಂದಳು, ದೂರಿನ ದನಿಯಲ್ಲಲ್ಲ, ರೂಢಿಯಾದ ದನಿಯಲ್ಲಿ, ಚಪ್ಪಲಿ ಬಿಡುವಾಗಿನ ದನಿಯಲ್ಲಿ. ನಿಲ್ಲಿ ಸಾರ್ ಎಂದು ಯಾರೋ ಕೂಗಿದರು, ಅದು ತಾನೇ. ತಪ್ಪಾಗಿದೆ ಸಾರ್, ತಪ್ಪು ನಂದು, ನಾವು ತಲೆಕೆಳಗೆ ಎಣಿಸಿದ್ದೀವಿ, ಜನ ಸರಿಯಾಗೇ ಹಾಕಿದ್ದಾರೆ. ಗಡಿಯಾರದವರು ಪೆನ್ನಿಗೆ ಕ್ಯಾಪು ಹಾಕಿದರು, ಆ ಟಕ್ ಸದ್ದು ಎದೆಯೊಳಗೇ ಕೇಳಿಸಿತು, ನೋಡಿದ್ರಾ, ನಾನು ಅವತ್ತೇ ಹೇಳ್ದೆ, ಮಾಡೋರಿಗೇ ಗೊಂದಲ, ಇನ್ನು ಜನಕ್ಕೆ ಏನು ತಿಳಿಯುತ್ತೆ ಎಂದರು, ಮಣಿಕಟ್ಟು ನೋಡಿಕೊಂಡರು, ತಿರುಗಿದರು. ಅಳು ಬರಬೇಕಿತ್ತು, ಬರಲಿಲ್ಲ, ಹೊಲಿಗೆ ಬಿಚ್ಚಿ ಮತ್ತೆ ಹಾಕುವಾಗಿನ ಆ ಹಗುರ, ಬಿಚ್ಚಿದ್ದಾಯಿತಲ್ಲ ಎನ್ನುವ ಹಗುರ ಮಾತ್ರ ಇತ್ತು.

ಯಾಕ್ರೀ ತಿಳಿಯಲ್ಲ ನಮಗೆ — ಇದು ತರಕಾರಿಯಮ್ಮ, ಸೊಪ್ಪಿನ ಕಟ್ಟು ಕೈಯಲ್ಲೇ ಇದೆ — ನಾನು ಹೇಳಲಿಲ್ವಾ ನೀಲಿ ಕೊನೇದು ಅಂತ, ಗಂಟಿನ ಕಡೆಯಿಂದ ನೋಡಿದ್ರಾಯ್ತು, ಅದಕ್ಕೇನು ಬ್ರಹ್ಮವಿದ್ಯೆ ಬೇಕಾ? ಮೇಷ್ಟ್ರೇ ನೀವು ಕೂತ್ಕೊಳ್ಳಿ ಎಂದು ಕಂಡಕ್ಟರ್ ಜಾಡಿಗಳನ್ನು ಎತ್ತಿ ದಿಂಬಿನ ಚೀಲಕ್ಕೆ ಸುರಿದ, ಬನ್ನಿ ಬನ್ನಿ, ಮುಂದೆ ಬನ್ನಿ, ದಾರ ತಿರುಗಿಸಿ ಹಿಡಿಯಿರಿ, ಚಿಲ್ಲರೆ ಎಣಿಸಿ ಸವೆದ ಬೆರಳು ಅವನದು, ಚಿಕ್ಕಪ್ಪನ ಎರಡರಷ್ಟು ವೇಗ, ಕೆಂಪು ಇಪ್ಪತ್ತೆರಡು, ಹಳದಿ ಹದಿನೆಂಟು, ಹಸಿರು ಹದಿನೇಳು, ನೀಲಿ ಆರೇ ಆರು, ಈಗ ಚಪ್ಪಾಳೆ, ಯಾರೋ ಶಿಳ್ಳೆ ಕೂಡ. ನೀಲಿ ಔಟು ಎಂದು ಬೇಕರಿಯವನು ಕೂಗಿದ, ಔಟಾದ್ರೆ ಆ ಆರು ಮತ ಎಲ್ಲಿಗೆ ಹೋಗ್ತವೆ ಎಂದು ಕಂಡಕ್ಟರ್ ಕೇಳಿದ, ಎರಡನೇ ಗುಂಡಿಗೆ ಎಂದು ಇಡೀ ಬೀದಿ ಒಂದೇ ಬಾಯಲ್ಲಿ — ಅವಳಿಗೆ ಮೈ ಜುಮ್ಮೆಂದಿತು, ಎರಡು ವರ್ಷ ಮನೆಮನೆಗೆ ಅಲೆದು ಹೇಳಿದ್ದನ್ನು ಈ ಜನ ಈಗ ತನಗೇ ಹೇಳಿಕೊಡುತ್ತಿದ್ದಾರೆ, ನಮ್ಮದೇ ತಪ್ಪಿನಿಂದ ಪಾಠ ಅವರ ಕೈಗೆ ಹೋಯಿತು, ಅಮ್ಮ ಕುರ್ಚಿಯಿಂದ ಎದ್ದು ನಿಂತಿದ್ದಾಳೆ, ಡಬ್ಬಿ ಉರುಳಿದ್ದೂ ಗೊತ್ತಿಲ್ಲ ಅವಳಿಗೆ, ನಮ್ಮ ಹಳದಿ ಇನ್ನೂ ಇದೆ ಕಣೇ! ಕೆಂಪು ಇಪ್ಪತ್ತನಾಲ್ಕು, ಹಳದಿ ಇಪ್ಪತ್ತು, ಹಸಿರು ಹತ್ತೊಂಬತ್ತು, ಹಸಿರು ಔಟು ಎಂದು ಗಂಟು ಕತ್ತರಿಸಿ ಹಸಿರು ಗುಂಡಿ ಕಳಚಲಿಕ್ಕೆ ನರ್ಸು ಕತ್ತರಿ ಎತ್ತಿದಳು, ಆಕಳಿಕೆ ಎಲ್ಲಿ ಹೋಯಿತೋ.

ತಡೀರಿ, ತಡೀರಿ, ಕತ್ತರಿ ಹಾಕಬೇಡಿ ಎಂದು ಹಿಂದಿನಿಂದ ದನಿ, ಹೋಗಿಯೇ ಇಲ್ಲ ಗಡಿಯಾರದವರು, ಔಷಧದಂಗಡಿಯ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು, ಜನರನ್ನು ಸರಿಸಿಕೊಂಡು ಬರುತ್ತಿದ್ದಾರೆ, ನಾನಿನ್ನೂ ಹಾಕೇ ಇಲ್ವಲ್ರೀ, ಹಸಿರು ಒಂದೇ ಒಂದರಲ್ಲಿ ಹೋಗ್ತಿದೆ, ನಾನೂ ಇದೇ ಬೀದಿಯವನಲ್ವಾ? ಹೊತ್ತು ಮೀರಿತು ಸಾರ್ ಎಂದು ಕಂಡಕ್ಟರ್ ರೇಗಿಸಿದ, ಹಾಕಲಿ ಬಿಡೋ ಪಾಪ ಎಂದಳು ಅಮ್ಮ, ನೆಲದಿಂದಲೇ ಆರಿಸಿ ಹಸಿರು ಗುಂಡಿಯೊಂದನ್ನು ಅವರ ಅಂಗೈಗೆ ಹಾಕಿದಳು, ತಗೋ ಮಗಾ. ಅವರು ಹಸಿರನ್ನು ಹಿಡಿದು ಯೋಚಿಸುತ್ತಿದ್ದಾರೆ, ಗೆಲ್ಲದಿದ್ದರೆ ಆಮೇಲೆ ಯಾವುದು, ಹಳದೀನಾ, ಕೆಂಪಂತೂ ಬೇಡ, ಎಂದು ತಮಗೆ ತಾವೇ ಗೊಣಗುತ್ತಿದ್ದಾರೆ, ಚಿಕ್ಕಪ್ಪ ಕಾಗದ ಮುಂದೆ ಹಿಡಿದರು, ಹಾಂ ಕೊಡಿ ಎಂದು ಅದರತ್ತ ಸರಿಯಾಗಿ ನೋಡದೆಯೇ ಮೇಜಿಗೊತ್ತಿ ರುಜು ಎಳೆದರು, ಪೆನ್ನನ್ನು ಅಲ್ಲೇ ಬಿಟ್ಟರು, ಬಿದ್ದಿತು, ರುಜು ಬಿದ್ದಿತು, ಮೂರನೆಯದು, ನರ್ಸು ಚಿಕ್ಕಪ್ಪನನ್ನು ತಬ್ಬಿಕೊಂಡಳು, ಕಚೇರಿಗೆ ಓಡಬೇಕು, ಹೊತ್ತಿದೆ, ಓಡಬೇಕು, ಆದರೆ ಅವಳ ಕಣ್ಣು ಅಲ್ಲೇ ನೆಟ್ಟಿದೆ — ದಾರದ ತುದಿ ಬಿರಿದಿದೆ, ಗುಂಡಿಯ ತೂತಿಗೆ ಹೋಗುತ್ತಿಲ್ಲ, ಗಡಿಯಾರದವರು ಕೈಗಡಿಯಾರ ಬಿಸಿಲಿಗೆ ಹೊಳೆಯುತ್ತಿದ್ದರೂ ನೋಡದೆ, ದಾರದ ತುದಿಯನ್ನು ಬಾಯಲ್ಲಿಟ್ಟು ಒದ್ದೆ ಮಾಡುತ್ತಿದ್ದಾರೆ, ಮತ್ತೆ ತೂತಿಗೆ, ಹೋಗಲಿಲ್ಲ, ಮತ್ತೆ ಬಾಯಿಗೆ, ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು, ಹಸಿರು ಗುಂಡಿ, ಒದ್ದೆ ದಾರದ ತುದಿ, ಬೀದಿಯೆಲ್ಲ ಉಸಿರು ಹಿಡಿದಿದೆ, ಒದ್ದೆ ದಾರದ ತುದಿ —