ಉಪ್ಪು ಸವರಿದ ಪುಸ್ತಕ

ಮಳೆಗಾಲದಲ್ಲಿ ಯಾರ ಮನೆಗೆ ಹೋದರೂ ಭೋಜರಾಜಣ್ಣ ಕೂರುವ ಮೊದಲು ಗೋಡೆಗೆ ಅಂಗೈ ಒತ್ತಿ ಥಂಡಿ ಎಷ್ಟಿದೆಯೆಂದು ನೋಡುತ್ತಾರೆ. ನಮ್ಮಲ್ಲಿ ಹಾಗೆ ಮಾಡಿದಾಗ, ಅಲ್ಲಿ ತೂಗುಹಾಕಿದ್ದ ನನ್ನ ಸನ್ಮಾನಪತ್ರಗಳಿಗೆ ಮಾರುಹೋದರೆಂದು ತಿಳಿದು ನಾನು ಸ್ವಲ್ಪ ಹೊತ್ತು ವಿನಯದಿಂದ ತಲೆತಗ್ಗಿಸಿ ನಿಂತಿದ್ದೆ.

ಅವರ ಅಂಜಿಕೆಯೆಲ್ಲ ಒಂದು ಪುಸ್ತಕದ ಕುರಿತು. ಹತ್ತೊಂಬತ್ತರ ಪ್ರಾಯದಲ್ಲಿ, ಬನ್ಸ್ ತಿಂದು ಚಾ ಕುಡಿಯುವ ದುಡ್ಡಿಗೆ ಕುಂದಾಪುರದ ಬಸ್ ನಿಲ್ದಾಣದಲ್ಲಿ ಕೊಂಡ, ತೆಳುರಟ್ಟಿನ ನವ್ಯಕವಿತೆಗಳ ಸಂಕಲನ. ಮನೆಯ ಗಂಡಸರೆಲ್ಲ ಕಡಲಿಗಿಳಿದವರು. ಇವರಿಗೋ ದೋಣಿ ಕಂಡರೆ ಕೈಕಾಲು ತಣ್ಣಗಾಗುತ್ತಿತ್ತು. ಅದನ್ನು ಹೇಳಿಕೊಳ್ಳುವ ಮಾತೇ ಆ ಮನೆಯಲ್ಲಿರಲಿಲ್ಲ. ಸಂಕಲನದಲ್ಲಿ ಒಬ್ಬ ಕವಿ, ಛಂದಸ್ಸು ಪ್ರಾಸಗಳ ಹಂಗಿಲ್ಲದೆ, ತನಗೆ ಹೆದರಿಕೆಯಾಗುತ್ತಿದೆಯೆಂದು ಬರೆದಿದ್ದ. ಅಚ್ಚಿನಲ್ಲೇ ಹೇಳಬಹುದಾದದ್ದನ್ನು ಅಪ್ಪನೆದುರು ಏಕೆ ಹೇಳಬಾರದೆಂದು ಮರುದಿನವೇ ಹೇಳಿಬಿಟ್ಟರು. ಅಪ್ಪ ಒಂದು ವರ್ಷ ಮಾತಾಡಲಿಲ್ಲ. ಮಗ ಒಣಮೀನಿನ ವ್ಯಾಪಾರ ಹಿಡಿದು ವಂಡ್ಸೆ, ಕೊಕ್ಕರ್ಣೆಯ ಸಂತೆಗಳನ್ನು ಸುತ್ತಿದರು.

ಆ ಮಳೆಗಾಲದಲ್ಲೇ ಪುಸ್ತಕ ತೊಯ್ದಿತು. ಒದ್ದೆಯಾದದ್ದು ಕೊಳೆಯದಂತೆ ಕಾಪಾಡಲು ತಮಗೆ ಗೊತ್ತಿದ್ದ ಏಕೈಕ ವಿದ್ಯೆಯನ್ನು ಅವರು ಪ್ರಯೋಗಿಸಿದರು: ಪುಟಪುಟಕ್ಕೂ ಉಪ್ಪು ಸವರಿ, ಬಿಸಿಲು ಬಿದ್ದ ದಿನ ಮೀನಿನ ಪಕ್ಕ ಚಾಪೆಯ ಮೇಲೆ ಒಣಗಿಸಿದರು. ಉಪ್ಪು ತೇವವನ್ನು ಎಳೆಯದೆ ಬಿಟ್ಟೀತೆ? ಅಂದಿನಿಂದ ಪ್ರತಿ ಮಳೆಗಾಲವೂ ಪುಸ್ತಕ ಬೆವರುತ್ತದೆ. ಆ ಕವಿತೆಯ ಎರಡು ಪುಟಗಳಂತೂ ಒಂದಕ್ಕೊಂದು ಅಂಟಿ ಮೂವತ್ತೈದು ವರ್ಷವಾಯಿತು. ಅದನ್ನು ಅಕ್ಕಿಡಬ್ಬದಲ್ಲಿ ಹುಗಿದಿಟ್ಟು, ದಿನಕ್ಕೆರಡು ಬಾರಿ ತೆಗೆದು ಮೂಸಿ ನೋಡುತ್ತಾರೆ.

"ಆ ಪುಸ್ತ್ಕ ಮೀನ್ ಸಾರಿಗಾರೂ ಆತ್ತಾ ಕೇಣಿ, ಮಾಷ್ಟ್ರೆ," ಎಂದು ಹೆಂಡತಿ ಜಲಜಕ್ಕ ನನ್ನಲ್ಲಿ ಹೇಳಿದ್ದುಂಟು.

ನವ್ಯಕಾವ್ಯದ ಮೇಲೆ ಮೂರು ತಾಲ್ಲೂಕುಗಳಲ್ಲಿ ಭಾಷಣ ಬಿಗಿದಿರುವ ನಾನು ಸುಮ್ಮನಿರಲುಂಟೆ? ಅದೇ ಸಂಕಲನದ ಇನ್ನೊಂದು ಪ್ರತಿ ಹುಡುಕಿ, ಮೊನ್ನೆ ಬಸ್ರೂರಿನ ಅವರ ಮನೆಗೆ ಒಯ್ದೆ. ಚೀಲದಿಂದ ಅರ್ಧ ತೆಗೆದಿದ್ದೆನಷ್ಟೆ. ಭೋಜರಾಜಣ್ಣ ಚೀಲದ ಬಾಯಿಗೆ ಅಂಗೈ ಅಡ್ಡಹಿಡಿದರು.

"ಹ್ವಾಯ್, ಒಳ್ಗ್ ಇಡಿ," ಎಂದರು. "ಆ ಪದ್ಯದ್ ಒಳ್ಗ್ ದಂಡಿ ಮೇಲ್ ನಿಂತ್ಕಂಡ್ ಕಡ್ಲ್ ಕಂಡ್ ಹೆದ್ರುದ್ ಅವ. ಈಗ ತೆಗ್ದ್ ಕಂಡ್ರೆ ಅವ ಅಲ್ಲಿ ಇಲ್ದಿದ್ರೆ? ಅಪ್ಪಯ್ಯನ್ ಎದ್ರ್ ನಾ ಯಾರ್ ಮಾತ್ ಹೇಳಿದ್ದ್?"

ಬಸ್ಸಿನಲ್ಲಿ ಬರುತ್ತ ನಾನದನ್ನು ಓದಿದ್ದೆ. ಅಲ್ಲಿ ಕಡಲೇ ಇರಲಿಲ್ಲ. ಪಟ್ಟಣದವನೊಬ್ಬ ರಸ್ತೆ ದಾಟಲು ಅಂಜಿ ನಿಂತಿದ್ದ. ಕವಿತೆಯೊಂದರ ಬಗ್ಗೆ ಗೊತ್ತಿದ್ದೂ ವಿವರಿಸದೆ ಉಳಿದದ್ದು ನನ್ನ ಆಯುಷ್ಯದಲ್ಲಿ ಅದೇ ಮೊದಲು.

"ಅವ ಇದ್ದ, ಭೋಜರಾಜಣ್ಣ. ಹೆದ್ರ್ಕಂಡೇ ನಿಂತಿದ್ದ," ಎಂದೆ. ಪುಸ್ತಕವನ್ನು ಚೀಲದಿಂದ ಹೊರತೆಗೆಯಲಿಲ್ಲ.

ನಮ್ಮಂಥ ಪಂಡಿತರು ಪುಟಗಳನ್ನು ನಿರ್ಭಯವಾಗಿ ತಿರುವುತ್ತೇವೆ. ಅಲ್ಲಿ ಏನಿದ್ದರೂ ಇಲ್ಲದಿದ್ದರೂ ಸಂಜೆಯ ಭಾಷಣ ನಿಲ್ಲುವುದಿಲ್ಲ. ಒಂದೇ ಪುಟದ ಮೇಲೆ ಕಾಲೂರಿ ಬದುಕಿದವರು ಮಾತ್ರ ಅದನ್ನು ಬಿಡಿಸದೆ, ಮೂಸಿ ನೋಡಿ ಮತ್ತೆ ಅಕ್ಕಿಯಲ್ಲಿ ಹುಗಿದಿಡುತ್ತಾರೆ.