ಏಳನೇ ಕಿಟಕಿಯ ಗುಮಾಸ್ತ ಮತ್ತು ಅವನ ಹೆಂಡತಿ

ಹೊರದೇಶಕ್ಕೆ ಹೋಗುವ ರೈಲಿನ ಟಿಕೆಟ್ಟು ಆ ಊರಿನಲ್ಲಿ ಸಿಗುವುದು ಒಂದೇ ಕಡೆ, ನಿಲ್ದಾಣದ ಏಳನೇ ಕಿಟಕಿಯಲ್ಲಿ. ಆ ಕಿಟಕಿಯ ಹಿಂದೆ ಇಪ್ಪತ್ತೆಂಟು ವರ್ಷದಿಂದ ಬೇರುಬಿಟ್ಟು ಕೂತಿರುವ ಗುಮಾಸ್ತ ಅವಳ ಗಂಡ. ಬೇರೆ ದಾರಿಯಿರಲಿಲ್ಲ. ಅವನು ಕೆಲಸಕ್ಕೆ ಹೊರಟ ಮೇಲೆ ಅವಳು ಮನೆಗೆ ಬೀಗ ಜಡಿದು, ಎಲ್ಲರಂತೆ ಹೋಗಿ ಸಾಲಿನಲ್ಲಿ ನಿಂತಳು.

ಗಡಿಯಾಚೆ ಕೆಲಸಕ್ಕೆ ಹೋದ ಮಗಳು ಅಲ್ಲೇ ತಾನು ಮೆಚ್ಚಿದವನನ್ನು ಮದುವೆಯಾಗಿ ಆರು ವರ್ಷವಾಗಿತ್ತು. ಅಂದಿನಿಂದ ಅಪ್ಪ ಅವಳ ಸುದ್ದಿ ಎತ್ತಿರಲಿಲ್ಲ. ಈಗ ಅವಳಿಗೆ ತುಂಬು ಎಂಟು ತಿಂಗಳು, ಚೊಚ್ಚಲ ಹೆರಿಗೆ. "ಅಮ್ಮ, ನೀನು ಬರ್ತೀಯಲ್ಲ?" ಎಂದು ಫೋನಿನಲ್ಲಿ ಕೇಳಿದ್ದಳು. ಅದನ್ನು ಗಂಡನಿಗೆ ಹೇಳಿದರೆ, "ಈ ಮನೆಯವರಿಗೆ ಆ ಊರಿನ ಟಿಕೆಟ್ ನನ್ನ ಕೈಯಿಂದ ಸಿಗಲ್ಲ" ಎಂದು ಕಡ್ಡಿ ಮುರಿದಂತೆ ಹೇಳಿ ಕೈ ತೊಳೆದುಕೊಂಡಿದ್ದ. ಹೆರಿಗೆಗೆ ಮುಂಚೆ ಹೊರಡುವ ಕೊನೆಯ ರೈಲಿನ ಪ್ರಯಾಣಿಕರ ಪಟ್ಟಿ ಇವತ್ತು ಮಧ್ಯಾಹ್ನ ಒಂದು ಗಂಟೆಗೆ ಮುಚ್ಚುತ್ತಿತ್ತು.

ಟಿಕೆಟ್ಟು ಕೊಡದಿರಲು ಅವನ ಹತ್ತಿರ ಉಪಾಯಗಳಿಗೇನು ಬರ? ಯಾರ ಮುಖ ಅವನಿಗೆ ಹಿಡಿಸಲಿಲ್ಲವೋ ಅವರ ಫಾರಂನಲ್ಲಿ ಏನಾದರೊಂದು ತಪ್ಪು ಇದ್ದೇ ಇರುತ್ತಿತ್ತು. ನೀಲಿ ಶಾಯಿ ಆಗದು. ಸಹಿ ಚೌಕದ ಗೆರೆ ಮುಟ್ಟಬಾರದು. ಫೋಟೋದಲ್ಲಿ ಎರಡೂ ಕಿವಿ ಕಾಣಬೇಕು. ಒಬ್ಬ ಮುದುಕನನ್ನಂತೂ ಕಾಗದ ಮಡಿಚಿ ತಂದಿದ್ದಕ್ಕೇ ಹಿಂದೆ ಕಳಿಸಿದ್ದ. ದಿನಾ ಸಂಜೆ ಮನೆಗೆ ಬಂದು, "ಇವತ್ತೊಬ್ಬನ್ನ ಮೂರು ಸಲ ಓಡಾಡಿಸ್ದೆ ನೋಡು" ಎಂದು ಬೀಗುತ್ತಿದ್ದ. ಅವಳು ಹೊಲಿಗೆ ಯಂತ್ರ ತುಳಿಯುತ್ತ ಹೂಂಗುಟ್ಟುತ್ತಿದ್ದಳು. ಇಷ್ಟು ವರ್ಷ ತಾನು ಹೆಂಡತಿಗೆ ಪುಕ್ಕಟೆ ಪಾಠ ಹೇಳುತ್ತಿದ್ದೇನೆಂದು ಆ ಮಹಾರಾಯನಿಗೆ ಹೊಳೆದೇ ಇರಲಿಲ್ಲ.

ಅವಳ ಸರದಿ ಬಂದಾಗ ಹನ್ನೆರಡೂವರೆ. ಅವನು ತಲೆಯೆತ್ತಿ ನೋಡಿ, "ಡಬ್ಬಿ ತಂದ್ಯಾ? ಪಕ್ಕದ ಬಾಗಿಲಿಗೆ ಬಾ" ಎಂದ.

"ಇವತ್ತು ಡಬ್ಬಿ ಇಲ್ಲ."

ದಿನಾ ಇದೇ ಹೊತ್ತಿಗೆ ಅವಳು ಊಟದ ಡಬ್ಬಿ ತರುತ್ತಿದ್ದಳು. ಅದು ಬಂದ ಕೂಡಲೇ ಕಿಟಕಿಗೆ ಅರ್ಧ ಗಂಟೆ ಹಲಗೆ ಬೀಳುತ್ತಿತ್ತು. ಇವತ್ತು ಹಲಗೆ ಬಿದ್ದರೆ ಪಟ್ಟಿಯೂ ಮುಚ್ಚಿದಂತೆಯೇ. ಅದಕ್ಕೇ ಅವಳು ಒಲೆ ಹಚ್ಚಿರಲಿಲ್ಲ.

"ಟಿಕೆಟ್ ಬೇಕಿತ್ತು ಸಾರ್" ಎಂದು ಫಾರಂ ಒಳಗೆ ತಳ್ಳಿದಳು.

"ತಮಾಷೆ ಸಾಕು. ಮನೆಗೆ ನಡಿ."

"ತಮಾಷೆ ಏನಿಲ್ಲ. ನೋಡಿ, ತಪ್ಪಿದ್ರೆ ಹೇಳಿ."

ಅವನು ಕಾಗದವನ್ನು ಬೆಳಕಿಗೆ ಹಿಡಿದ. ಕಪ್ಪು ಶಾಯಿ. ಚೌಕದ ನಟ್ಟನಡುವೆ ಸಹಿ. ಫೋಟೋದಲ್ಲಿ ಎರಡೂ ಕಿವಿ. ಮಡಿಕೆಯ ಗುರುತೂ ಇಲ್ಲ. ತಿರುವಿ ಹಾಕಿ ಹಿಂಬದಿ ನೋಡಿದ, ಮತ್ತೆ ಮುಂಬದಿ ನೋಡಿದ.

"ಚಿಲ್ಲರೆ ಇಲ್ಲ ನನ್ನ ಹತ್ರ."

"ಸರಿಯಾಗಿ ತಂದಿದೀನಿ."

ಅವನ ಹಣೆಯಲ್ಲಿ ಬೆವರು ಮೂಡಿತು. ಅವಳಿಗೆ ಪಾಪ ಅನಿಸಲಿಲ್ಲ. ಆರು ವರ್ಷ ಬಚ್ಚಲಿನ ನಲ್ಲಿ ತಿರುಗಿಸಿಟ್ಟು, ಆ ಸದ್ದಿನ ಮರೆಯಲ್ಲಿ ಕಳ್ಳಿಯಂತೆ ಹೆತ್ತ ಮಗಳ ಜೊತೆ ಮಾತಾಡಿದವಳು ಅವಳು.

ಹಿಂದೆ ನಿಂತಿದ್ದ ಲಾರಿ ಡ್ರೈವರ್ ಕತ್ತು ಚಾಚಿ, "ಎಲ್ಲ ಸರಿ ಇದ್ರೆ ಕೊಡಿ ಸಾರ್, ನಮ್ಗೂ ಅದೇ ಗಾಡಿ" ಎಂದ.

ಮುದ್ರೆ ಒತ್ತುವ ಮೊದಲು ಗುಮಾಸ್ತ ಫಾರಂನ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಬೇಕು, ಪ್ರಯಾಣಿಕರು ಹೌದೆನ್ನಬೇಕು. ಅದು ಆ ಕಿಟಕಿಯ ನಿಯಮ. ಅವನು ಹಲ್ಲು ಕಚ್ಚಿಕೊಂಡು ಓದತೊಡಗಿದ. ವಯಸ್ಸು ಓದಿದ. ಉದ್ಯೋಗ, ಹೊಲಿಗೆ. ತನ್ನದೇ ಮನೆಯ ವಿಳಾಸ ಓದಿ, "ಇದು ನಿಮ್ದೇನಾ?" ಎಂದು ಕೇಳಿದ. ಮದುವೆಯಾದಾಗಿನಿಂದ ಅವನು ಅವಳನ್ನು ಬಹುವಚನದಲ್ಲಿ ಕರೆದದ್ದು ಅದೇ ಮೊದಲು.

"ನಂದೂ ಹೌದು" ಎಂದಳು.

ಅವನು ಇನ್ನೊಂದೆರಡು ಸಾಲು ಓದಿ ಮುದ್ರೆಗೆ ಕೈ ಹಾಕಿದ. ಅವಳು ಕಿಟಕಿಯೊಳಗೆ ಕೈ ತೂರಿಸಿ ಕಾಗದದ ಮೇಲೆ ಅಂಗೈ ಊರಿದಳು.

"ಎಂಟನೇ ಸಾಲು ಬಿಟ್ರಿ. ಯಾರನ್ನ ನೋಡಕ್ಕೆ ಹೋಗ್ತಿರೋದು ಅನ್ನೋದು."

"ಪರವಾಗಿಲ್ಲ, ಬಿಡು."

"ಬಿಡಲ್ಲ. ಓದಿ."

ಸುಮ್ಮನಿದ್ದಿದ್ದರೆ ಟಿಕೆಟ್ಟು ಕೈಗೆ ಬರುತ್ತಿತ್ತು. ಅವಳಿಗೂ ಅದು ಗೊತ್ತಿತ್ತು. ಆದರೆ ಮಗಳೆಂಬುವವಳೇ ಇಲ್ಲವೆನ್ನುವಂತೆ ಕೊಟ್ಟ ಟಿಕೆಟ್ಟು ಹಿಡಿದು ಮಗಳ ಬಾಣಂತನಕ್ಕೆ ಹೋಗಲು ಅವಳು ತಯಾರಿರಲಿಲ್ಲ. ಗೋಡೆಯ ಗಡಿಯಾರದಲ್ಲಿ ಹನ್ನೆರಡು ಐವತ್ತು. ಕೈ ತೆಗೆಯಲಿಲ್ಲ.

ಅವನು ಕನ್ನಡಕ ತೆಗೆದ, ಒರೆಸಿದ, ಹಾಕಿಕೊಂಡ. ಏನೋ ಗೊಣಗಿದ.

"ಕೇಳಿಸ್ಲಿಲ್ಲ."

"ಮಗಳು" ಎಂದ ಅವನು. ಸಾಲಿನ ಕೊನೆಯವರಿಗೂ ಕೇಳಿಸಿತು. "ಮಗಳನ್ನ ನೋಡಕ್ಕೆ."

"ಹೌದು" ಎಂದು ಅವಳು ಕೈ ತೆಗೆದಳು. ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಹೋಗಲಿಲ್ಲ.

ಮುದ್ರೆ ಬಿತ್ತು. ಟಿಕೆಟ್ಟು ಹೊರಗೆ ಬಂತು, ಆದರೆ ಅದರ ಇನ್ನೊಂದು ತುದಿಯನ್ನು ಅವನು ಬಿಡಲಿಲ್ಲ. ತಗ್ಗಿದ ದನಿಯಲ್ಲಿ, "ನಿನ್ನ ಎದುರಿನ ಸೀಟು ಖಾಲಿ ಇದೆ" ಎಂದ.

"ಇರ್ಲಿ. ಬೇಕಾದವರು ಈ ಕಡೆ ಬಂದು ಸಾಲಲ್ಲಿ ನಿಂತ್ಕೊಳ್ತಾರೆ."

ಟಿಕೆಟ್ಟನ್ನು ಎಳೆದುಕೊಂಡು, ಲಾರಿ ಡ್ರೈವರಿಗೆ ಜಾಗ ಬಿಟ್ಟು ಹೊರಟಳು.